ಮಾಲೀಕ: ೧೦೦೭

ಶೂ ಗೂಡಿನ ಮೇಲೆ ಕೂತಿದೆ ಪೆಟ್ಟಿಗೆ.
ಎರಡು ಡಿಸ್ಕು, ಒಂದು ಹಸಿರು ದೀಪ.
ಮೂಗು ಕಟ್ಟಿದ ಮಗುವಿನ ಹಾಗೆ
ರಾತ್ರಿಯೆಲ್ಲ ಗೊರಗುಟ್ಟುತ್ತದೆ.
ಅದರೊಳಗಿದೆಯಂತೆ ನಮ್ಮ ಮನೆ:
ಗ್ಯಾಸಿನ ಬಿಲ್ಲು, ಖಾತುನಾಳ ಮಂಡಿಯ ಎಕ್ಸ್‌ರೇ,
ಮೊಮ್ಮಗ ತಪ್ಪು ತಪ್ಪು ನುಡಿಸಿದ ಪಿಯಾನೋ,
ನನ್ನ ಹುಳಿಪ್ಲಮ್ ಚಟ್ನಿ.

ಒಂದೊಂದಕ್ಕೂ ಒಂದು ಫೋಲ್ಡರು,
ಫೋಲ್ಡರಿಗೆ ಮೂರೇ ಮಾತು: ಓದು, ಬರೆ, ಬೇಡ.
ನನಗೆ ಮೂರು ವರ್ಷದಿಂದ ಬರೀ ಓದು.
ಅಳಿಯ ಬೆಸಿಕ್ ಮಾಡಿಟ್ಟ ಏರ್ಪಾಡು,
ಅವನ ಮದುವೆಯ ಫೋಟೋಗಳನ್ನು
ಅಳಿಸಿದವಳು ನಾನಲ್ಲವೇ.
ಅವನು ಕೂಗಾಡಲಿಲ್ಲ.
ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.
“ಪರವಾಗಿಲ್ಲ ಅತ್ತೆ” ಎಂದ,
ಒಂದು ಚೌಕದಿಂದ ಗುರುತು ತೆಗೆದ.
ಚೌಕವೂ ಎಷ್ಟು ಚಿಕ್ಕದು,
ಮುಚ್ಚಲು ಒಂದು ದಾಳಿಂಬೆ ಬೀಜ ಸಾಕು.

ಮೂವತ್ತೊಂದು ವರ್ಷ ಭೂಪಟದ ಕಚೇರಿಯಲ್ಲಿ ದುಡಿದವಳು,
ನದಿ ಪಾತ್ರ ಬದಲಿಸಿದರೆ
ಅದರ ಹಿಂದೆ ಗೆರೆ ಬದಲಿಸಿದವಳು,
ನನ್ನದೇ ಚಟ್ನಿಗೆ ಅರ್ಧ ಚಮಚ ಉಪ್ಪು ಸೇರಿಸಬೇಕಾದರೆ
ಅಳಿಯನ ಅಪ್ಪಣೆ.

ಮೊನ್ನೆ ಒಂದು ಡಿಸ್ಕು ಸತ್ತಿತು.
ಹೊಸದು ಹಾಕಿ ಏನೋ ಒತ್ತಿದ, ಮತ್ತೇನೋ ಒತ್ತಿದ.
ಅಂದಿನಿಂದ ಯಾರಿಗೂ ಯಾವುದೂ ತೆರೆಯದು, ಅವನಿಗೂ.
ನಾಳೆ ಎಂಟಕ್ಕೆ ಖಾತುನಾಳ ಮಂಡಿ
ವೈದ್ಯರ ಮುಂದೆ ಇರಬೇಕು.
ಮೆಟ್ರೋ ಡಿಪೋದ ರಾತ್ರಿಪಾಳಿಯಿಂದ ಫೋನು:
“ನೀವೇ ನೋಡಬೇಕು ಅತ್ತೆ.”
ಗುಪ್ತಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದ.
“ಈಗ ಕೂಗುಚಿಹ್ನೆ...
ಅಯ್ಯೋ ಕೂಗಬೇಡಿ, ಒತ್ತಿ.”

ಅತ್ತೆಗೊಂದು ಕಾಲ, ಅಳಿಯನಿಗೊಂದು ಕಾಲ.

ವರ್ಕೇತಿಲಿಯ ಎಂಟನೇ ಮಹಡಿಯಲ್ಲಿ,
ರಾತ್ರಿ ಎರಡು ಗಂಟೆಗೆ, ಕಾಲುಚೀಲದಲ್ಲಿ,
ನಾನು ಸಕಲಕ್ಕೂ ಒಡತಿ.
ಕನ್ನಡಕ ಒರೆಸಿಕೊಂಡು ಸಾಲು ಸಾಲು ನೋಡಿದೆ:
ಮಾಲೀಕ ಬೆಸಿಕ್, ಮಾಲೀಕ ಬೆಸಿಕ್, ಮಾಲೀಕ ಖಾತುನಾ,
ಮಾಲೀಕ ೧೦೦೭.

ಯಾರಪ್ಪ ಇವನು?
ಹೆಸರು ಅಳಿಸಿದರೂ ಅಂಕಿ ಉಳಿಯುತ್ತದಂತೆ,
ಗೋಡೆಗೆ ಒರಗಿದ್ದವರು ಎದ್ದು ಹೋದ ಮೇಲೆ
ಎಣ್ಣೆಯ ಕಲೆ ಉಳಿದ ಹಾಗೆ.

ಗೊಚಾ!
ಆ ಒಂದು ಚಳಿಗಾಲ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗ.
ಸದ್ದುಗಳ ಶಾಸ್ತ್ರ ಓದುತ್ತಿದ್ದ.
ನಮ್ಮ ಲಿಫ್ಟಿಗೆ ನಾಣ್ಯ ಹಾಕಬೇಕು, ಹತ್ತು ತೆತ್ರಿ,
ಇಲ್ಲವಾದರೆ ಅದು ಯಾರಪ್ಪನ ಮಾತೂ ಕೇಳದು.
ಆ ನಾಣ್ಯ ಬೀಳುವ ಸದ್ದಿಗಾಗಿ ಮೈಕು ಹಿಡಿದು
ಗಂಟೆಗಟ್ಟಲೆ ಮೆಟ್ಟಿಲ ಮೇಲೆ ಕೂರುತ್ತಿದ್ದ.
ಅವನು ಹೋದ ದಿನವೇ ಬೆಸಿಕ್ ಅವನ ಹೆಸರು ತೆಗೆದ,
ಫೋಲ್ಡರಿಗೆ ಕದವಿಕ್ಕಿ ಮರೆತ.

ಮಾಲೀಕನ ಜಾಗದಲ್ಲಿ ‘ಲಮಾರಾ’ ಎಂದು ಬರೆದೆ.
ತೆರೆಯಿತು.

ಒಳಗೆ ಲಿಫ್ಟು ಒಂದು, ಲಿಫ್ಟು ಎರಡು, ಲಿಫ್ಟು ಮೂವತ್ತು,
ಅವುಗಳ ನಡುವೆ
ದಾರಿ ತಪ್ಪಿ ಬೇರೆಯವರ ಮನೆಯಲ್ಲಿ ನಿದ್ದೆಹೋದ ಕೂಸಿನಂತೆ
‘ಮದುವೆ’.
ನಾಲ್ಕುನೂರ ಹನ್ನೆರಡು ಫೋಟೋ, ಒಂದೂ ಸತ್ತಿಲ್ಲ.
ಅಳಿಸಿರಲಿಲ್ಲ ನಾನು.
ಎಳೆಯುವಾಗ ಬೆರಳು ಜಾರಿತ್ತು,
ಕಸದ ಬುಟ್ಟಿಗಲ್ಲ, ಪಕ್ಕದ ಮನೆಗೆ.

ಮೂರು ವರ್ಷ!
ಬೈದುಕೊಳ್ಳಲು ಬಾಯಿ ತೆರೆದೆ, ಯಾರನ್ನೆಂದು ತಿಳಿಯಲಿಲ್ಲ.
ಸುಮ್ಮನೆ ಲಿಫ್ಟು ಹನ್ನೊಂದನ್ನು ಹಾಕಿದೆ.
ಟಣ್. ಹಗ್ಗದ ನರಳಿಕೆ. ಬಾಗಿಲು.
ಆಮೇಲೆ ಬಲು ದೂರದಿಂದ ಯಾರೋ ಹೆಂಗಸು,
ಬಾಣಲೆಯಂಥ ಗಂಟಲು:
“ಗೊಚಾ, ಸೂಪು ಆರಿ ಹೋಗುತ್ತೆ ಬಾರೋ!”

ಇಷ್ಟು ಜೋರೇ ನಾನು?

ಪೆಟ್ಟಿಗೆ ಕೇಳಿತು: ಒಳಗಿನ ಎಲ್ಲದಕ್ಕೂ ಅನ್ವಯಿಸಲೇ?
ಹೂಂ ಎಂದೆ.
ಮನೆ ಒಂದೊಂದಾಗಿ ಕದ ತೆರೆಯುತ್ತ ಬಂತು,
ಬಿಲ್ಲು, ಪಿಯಾನೋ, ಮಂಡಿ.
ಚಟ್ನಿಗೆ ನನಗೆ ಬರೆಯುವ ಹಕ್ಕು ಕೊಟ್ಟುಕೊಂಡೆ,
ಉಪ್ಪನ್ನು ಆಗಲೇ ತಿದ್ದಿದೆ.
ಮದುವೆಗೆ ಮಾತ್ರ, ನನ್ನ ಸಾಲಿನಲ್ಲಿ,
ಬರೀ ಓದು. ನನ್ನ ಕೈಯಾರೆ.

ಕೆಳಗೆ ನಾಣ್ಯ ಬಿದ್ದ ಸದ್ದು.
ಪಾಳಿ ಮುಗಿಸಿ ಬಂದ.
ಏನೂ ಹೇಳೆನು, ತಾನೇ ಕಾಣಲಿ.
ಮುಖ ಸರಿಪಡಿಸಿಕೊಳ್ಳಲು
ಇನ್ನೂ ಎಂಟು ಮಹಡಿ ಇದೆ.